ಇಳುವರಿಯನ್ನು ತಡೆದಿರುವುದು ಯಾವುದು? ವಾಗೆನಿಂಗನ್ ಕೃಷಿ ಶಿಕ್ಷಣದ ಕುರಿತು

(ಕೃಷಿ ಪದವಿಯ ಅಂತಿಮ ವರ್ಷದ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯ ಅಧ್ಯಾಪಕರೇ, ವಿದ್ಯಾರ್ಥಿ ಮಿತ್ರರೇ,

ಹೊರದೇಶಕ್ಕೆ ಹೋಗಿ ಕೃಷಿ ಓದಬೇಕೆಂದಿರುವವರು ಸಾಮಾನ್ಯವಾಗಿ ಕೇಳುವುದು ಯಾವ ವಿಶ್ವವಿದ್ಯಾಲಯ ಒಳ್ಳೆಯದು, ಎಷ್ಟು ಖರ್ಚಾಗುತ್ತದೆ, ಮುಗಿಸಿದ ಮೇಲೆ ಎಂಥ ಕೆಲಸ ಸಿಗುತ್ತದೆ ಎಂಬ ಸಂಗತಿಗಳನ್ನು. ಅವು ನ್ಯಾಯವಾದ ಪ್ರಶ್ನೆಗಳೇ; ಅವುಗಳಿಗೂ ಬರುತ್ತೇನೆ. ಆದರೆ ಅದಕ್ಕೂ ಮೊದಲು, ಅಷ್ಟು ದೂರ ಹೋಗಿ ಕಲಿಯಬೇಕಾದದ್ದು ಏನು ಎಂಬುದು ಇತ್ಯರ್ಥವಾಗಬೇಕು. ಬೆಳೆ ಬೆಳೆಯುವ ವಿಧಾನವನ್ನು ಕಲಿಯಲು ಹೋಗುವುದಾದರೆ ಹೋಗುವ ಅಗತ್ಯವೇ ಇಲ್ಲ. ರಾಗಿ, ತೊಗರಿ, ಅಡಿಕೆಗಳ ಬಗ್ಗೆ ಯುರೋಪಿನ ಯಾವ ಪ್ರಾಧ್ಯಾಪಕರಿಗಿಂತಲೂ ಹೆಚ್ಚು ತಿಳಿದವರು ನಮ್ಮ ಸಂಶೋಧನಾ ಕೇಂದ್ರಗಳಲ್ಲಿಯೇ ಇದ್ದಾರೆ, ನಮ್ಮ ಹೊಲ ತೋಟಗಳಲ್ಲಿಯೂ ಇದ್ದಾರೆ. ನಾನು ಓದಿದ, ನೆದರ್‌ಲೆಂಡ್ಸ್‌ನ ವಾಗೆನಿಂಗನ್ ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಬೇರೆಯದೇ ಒಂದು ಶಿಸ್ತನ್ನು. ಯಾವುದೇ ಹೊಲದ ಬದುವಿನ ಮೇಲೆ ನಿಂತಾಗಲೂ ಇಲ್ಲಿ ಇಳುವರಿಯನ್ನು ತಡೆದಿರುವುದು ನಿಖರವಾಗಿ ಯಾವುದು ಎಂದು ಕೇಳುವುದು, ಊಹೆಯಿಂದಲ್ಲದೆ ಲೆಕ್ಕದಿಂದ ಉತ್ತರಿಸುವುದು, ಆ ಲೆಕ್ಕ ತಪ್ಪಾಗಿರಬಹುದಾದ ಜಾಗವನ್ನು ತಾನೇ ಮುಂದಾಗಿ ತೋರಿಸುವುದು, ಇವಿಷ್ಟೇ ಆ ಶಿಸ್ತು. ಇಂದಿನ ನನ್ನ ಮಾತೆಲ್ಲ ಅದರ ಸುತ್ತಲೇ ಇರುತ್ತದೆ.

ನೆದರ್‌ಲೆಂಡ್ಸ್ ವಿಸ್ತೀರ್ಣದಲ್ಲಿ ಕರ್ನಾಟಕದ ಸುಮಾರು ಐದನೇ ಒಂದು ಭಾಗದಷ್ಟಿರುವ ದೇಶ. ಅದರ ನಡುಭಾಗದಲ್ಲಿ, ರೈನ್ ನದಿಯ ಒಂದು ಕವಲಿನ ದಡದಲ್ಲಿ ವಾಗೆನಿಂಗನ್ ಪಟ್ಟಣವಿದೆ. ಊರಿಗೆ ರೈಲು ನಿಲ್ದಾಣವಿಲ್ಲ. ಪಕ್ಕದ ಏಡೆ ಪಟ್ಟಣದಲ್ಲಿ ಇಳಿದು ಬಸ್ಸು ಹಿಡಿಯಬೇಕು. 1876ರಲ್ಲಿ ಇಲ್ಲಿ ಸರ್ಕಾರಿ ಕೃಷಿ ಶಾಲೆ ಆರಂಭವಾಯಿತು, 1918ರಲ್ಲಿ ಅದು ಉನ್ನತ ಶಿಕ್ಷಣ ಸಂಸ್ಥೆಯ ಸ್ಥಾನ ಪಡೆಯಿತು, 1986ರಲ್ಲಿ ವಿಶ್ವವಿದ್ಯಾಲಯ ಎನಿಸಿತು. ಕೃಷಿ ಶಾಲೆಗೆ ಈ ಊರು ಹೇಳಿ ಮಾಡಿಸಿದಂತಿದೆ ಎಂಬುದು ಅಲ್ಲಿ ಸೈಕಲ್ಲಿನಲ್ಲಿ ಒಂದು ಸುತ್ತು ಹಾಕಿದರೆ ತಿಳಿಯುತ್ತದೆ. ಪೂರ್ವಕ್ಕೆ ಹಿಮಯುಗದ ಹಿಮನದಿಗಳು ಒತ್ತಿ ಎಬ್ಬಿಸಿದ ಮರಳುದಿಬ್ಬ, ದಕ್ಷಿಣಕ್ಕೆ ನದಿ ತಂದು ಹಾಕಿದ ಜೇಡಿಮಣ್ಣು, ಇನ್ನೊಂದು ಮಗ್ಗುಲಿಗೆ ನೀರು ನಿಲ್ಲುವ ತಗ್ಗಿನ ಕಣಿವೆ. ಒಂದೇ ಮಧ್ಯಾಹ್ನದಲ್ಲಿ ಮೂರು ಬಗೆಯ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಬಹುದು. 1949ರಲ್ಲಿ ಯುನೆಸ್ಕೋ ಫೆಲೋಶಿಪ್ ಪಡೆದು ಇಲ್ಲಿಗೆ ಬಂದು ಆಲೂಗೆಡ್ಡೆಯ ತಳಿಶಾಸ್ತ್ರದ ಮೇಲೆ ಕೆಲಸ ಮಾಡಿದ ಭಾರತೀಯ ತರುಣರೊಬ್ಬರು ಮುಂದೆ ಕೇಂಬ್ರಿಡ್ಜಿನಲ್ಲಿ ಡಾಕ್ಟರೇಟ್ ಪಡೆದು, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸಂಶೋಧನೆ ಮಾಡಿ, 1954ರಲ್ಲಿ ದೇಶಕ್ಕೆ ಮರಳಿದರು. ಅವರೇ ಎಂ.ಎಸ್. ಸ್ವಾಮಿನಾಥನ್. ಆಲೂಗೆಡ್ಡೆಯ ಮೇಲೆ ಕಲಿತ ತಳಿಶಾಸ್ತ್ರವನ್ನು ಅವರು ದುಡಿಸಿಕೊಂಡದ್ದು ನಮ್ಮ ಗೋಧಿ ಮತ್ತು ಭತ್ತದ ಮೇಲೆ ಎಂಬುದನ್ನು ಗಮನಿಸಿ.

ಅಲ್ಲಿಗೆ ಹೋದ ನಮ್ಮ ವಿದ್ಯಾರ್ಥಿಯನ್ನು ಮೊದಲು ಬೆರಗುಗೊಳಿಸುವುದು ಅಲ್ಲಿನ ಇಳುವರಿ. ಗೋಧಿಯ ರಾಷ್ಟ್ರೀಯ ಸರಾಸರಿ ಹೆಕ್ಟೇರಿಗೆ 8ರಿಂದ 9 ಟನ್ನಿನ ಆಸುಪಾಸಿನಲ್ಲಿರುತ್ತದೆ. ನಮ್ಮ ರೈತರ ಲೆಕ್ಕದಲ್ಲಿ ಹೇಳುವುದಾದರೆ ಎಕರೆಗೆ 32 ಕ್ವಿಂಟಲಿಗೂ ಹೆಚ್ಚು. ಈ ಅಂಕಿಯನ್ನು ಕೇಳಿದೊಡನೆ ನಮ್ಮ ಮನಸ್ಸು ಬೀಜ, ಯಂತ್ರ, ಗೊಬ್ಬರ ಎಂದು ಕಾರಣ ಹುಡುಕುತ್ತದೆ. ಅಲ್ಲಿನ ತರಗತಿ ಮಾತ್ರ ಸೂರ್ಯನಿಂದ ಶುರುವಾಗುತ್ತದೆ. ವಾಗೆನಿಂಗನ್ ಇರುವುದು ಉತ್ತರ ಅಕ್ಷಾಂಶ 52 ಡಿಗ್ರಿಯ ಬಳಿ. ಜೂನ್ ತಿಂಗಳಲ್ಲಿ ಅಲ್ಲಿ ಹದಿನಾರೂವರೆ ಗಂಟೆಗೂ ಮೀರಿದ ಹಗಲು. ಅಕ್ಟೋಬರಿನಲ್ಲಿ ಬಿತ್ತಿದ ಗೋಧಿ ಚಳಿಗಾಲವನ್ನು ಹೊಲದಲ್ಲಿಯೇ ಕಳೆದು ಮುಂದಿನ ಆಗಸ್ಟಿನ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಉದ್ದನೆಯ ಹಗಲಿನ ಜೊತೆಗೆ ತಂಪು ಹವೆಯೂ ಇರುವುದರಿಂದ ಕಾಳು ತುಂಬುವ ಹಂತ ವಾರಗಟ್ಟಲೆ ಎಳೆದುಕೊಂಡು ಹೋಗುತ್ತದೆ. ನಮ್ಮ ಧಾರವಾಡದ ಹಿಂಗಾರಿ ಗೋಧಿಗೆ ಕಾಳು ತುಂಬುವಾಗ ಬಿಸಿಲು ಏರುತ್ತಿರುತ್ತದೆ, ಎರೆ ಭೂಮಿಯ ತೇವ ಇಳಿಯುತ್ತಿರುತ್ತದೆ, ಬೆಳೆ ಅವಸರದಲ್ಲಿ ಬದುಕು ಮುಗಿಸುತ್ತದೆ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನಮ್ಮ ರೈತರು ಹಿಂದುಳಿದಿದ್ದಾರೆ ಎನ್ನುವುದು ಅಜ್ಞಾನ.

ಈ ಬಗೆಯ ಆಲೋಚನೆಯನ್ನು ಒಂದು ಶಾಸ್ತ್ರವಾಗಿ ಕಟ್ಟಿದವರು ವಾಗೆನಿಂಗನ್ನಿನ ಪ್ರಾಧ್ಯಾಪಕ ಸಿ.ಟಿ. ಡೆ ವಿಟ್ (1924–1993) ಮತ್ತು ಅವರ ಶಿಷ್ಯರು. ಬೆಳೆ ಉತ್ಪಾದಿಸುವ ಒಣತೂಕಕ್ಕೂ ಅದು ಎಲೆಗಳ ಮೂಲಕ ಹೊರಬಿಡುವ ನೀರಿಗೂ ಇರುವ ಸಂಬಂಧವನ್ನು ಡೆ ವಿಟ್ 1958ರಲ್ಲಿ ಗಣಿತದ ರೂಪದಲ್ಲಿ ಇಟ್ಟರು. ಆಮೇಲೆ ಎಲೆಗಳ ಚಾವಣಿಯ ಮೇಲೆ ಬೀಳುವ ಬೆಳಕಿನಿಂದ ಎಷ್ಟು ಸಕ್ಕರೆ ತಯಾರಾಗಬಲ್ಲದು ಎಂಬುದನ್ನು ಗಂಟೆ ಗಂಟೆಗೆ ಲೆಕ್ಕ ಹಾಕುವ ದಾರಿ ತೋರಿಸಿದರು. ಆ ಪರಂಪರೆಯಿಂದ ಬಂದ ಚೌಕಟ್ಟು ಸರಳವಾಗಿದೆ. ಮೊದಲು, ನೀರಿಗೂ ಗೊಬ್ಬರಕ್ಕೂ ಕೊರತೆಯಿಲ್ಲ, ಕಳೆ ಕೀಟ ರೋಗಗಳ ಕಾಟವೂ ಇಲ್ಲ ಎಂದು ಭಾವಿಸಿ, ಕೇವಲ ಬೆಳಕು, ಉಷ್ಣತೆ ಮತ್ತು ತಳಿಯ ಗುಣಗಳು ಎಷ್ಟು ಇಳುವರಿಗೆ ಅವಕಾಶ ಕೊಡುತ್ತವೆ ಎಂದು ಲೆಕ್ಕ ಹಾಕಬೇಕು. ಅದರಿಂದ, ಇರುವ ನೀರು ಮತ್ತು ಇರುವ ಪೋಷಕಾಂಶಗಳು ಎಷ್ಟನ್ನು ಕಡಿತ ಮಾಡುತ್ತವೆ ಎಂದು ಕಳೆಯಬೇಕು. ಕಡೆಗೆ ಕಳೆ, ಕೀಟ, ರೋಗಗಳು ತಿಂದುಹಾಕುವ ಪಾಲನ್ನು ಕಳೆದಾಗ ರೈತನ ಕಣದಲ್ಲಿರುವ ರಾಶಿ ಉಳಿಯುತ್ತದೆ. ಇಲ್ಲಿ ಕುಳಿತು ಕೇಳಿದರೆ ಇದರಲ್ಲಿ ಹೊಸದೇನಿದೆ ಎನಿಸಬಹುದು. ಆದರೆ ಒಂದು ನಿರ್ದಿಷ್ಟ ಹಳ್ಳಿಯ ನಿರ್ದಿಷ್ಟ ಹೊಲಕ್ಕೆ ಈ ಲೆಕ್ಕವನ್ನು ಕೊನೆಯವರೆಗೆ ಮಾಡಿ ನೋಡಿ. ನಾವು ವರ್ಷಗಳಿಂದ ನಂಬಿಕೊಂಡು ಬಂದ ಕಾರಣಗಳು ಒಂದೊಂದಾಗಿ ಕಳಚುತ್ತವೆ.

ಇದಕ್ಕೆ ಒಳ್ಳೆಯ ಉದಾಹರಣೆ ಆಫ್ರಿಕಾದ ಸಾಹೇಲ್ ಪ್ರದೇಶದ್ದು. ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನ ಈ ಒಣ ಹುಲ್ಲುಗಾವಲುಗಳಲ್ಲಿ 1970ರ ದಶಕದಲ್ಲಿ ಭೀಕರ ಬರ ಬಿದ್ದಿತು. ಮಳೆಯಿಲ್ಲದ್ದೇ ಎಲ್ಲ ಕಷ್ಟಕ್ಕೂ ಮೂಲ ಎಂದು ಜಗತ್ತೇ ನಂಬಿತ್ತು. ಡೆ ವಿಟ್ ಅವರ ತಂಡ ಮಾಲಿ ದೇಶದ ವಿಜ್ಞಾನಿಗಳ ಜೊತೆ ಸೇರಿ ಹುಲ್ಲಿನ ಬೆಳವಣಿಗೆ, ಮಣ್ಣಿನ ತೇವ, ಸಾರಜನಕ, ರಂಜಕಗಳನ್ನು ವರ್ಷಗಟ್ಟಲೆ ಅಳೆಯಿತು. ತೀರಾ ಒಣದಾದ ಉತ್ತರದ ಅಂಚನ್ನು ಬಿಟ್ಟರೆ ಉಳಿದ ಕಡೆಗಳಲ್ಲಿ ಹುಲ್ಲಿನ ಬೆಳವಣಿಗೆಯನ್ನು ತಡೆದಿದ್ದುದು ನೀರಿಗಿಂತ ಹೆಚ್ಚಾಗಿ ಸಾರಜನಕ ಮತ್ತು ರಂಜಕಗಳ ಕೊರತೆ ಎಂಬುದು ಬೆಳಕಿಗೆ ಬಂತು. ಬಿದ್ದ ಮಳೆಯನ್ನೂ ಪೂರ್ತಿ ಬಳಸಿಕೊಳ್ಳುವ ಶಕ್ತಿ ಆ ಹುಲ್ಲಿಗೆ ಇರಲಿಲ್ಲ.

ಈ ಮಾತು ನಮಗೆ ದೂರದ್ದಲ್ಲ. ಕರ್ನಾಟಕ ಸರ್ಕಾರ ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಾದ ಇಕ್ರಿಸಾಟ್ ಜೊತೆಗೂಡಿ 2009ರಲ್ಲಿ ಆರಂಭಿಸಿದ ಭೂಚೇತನ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಗಳಿಂದ ಮಣ್ಣಿನ ಮಾದರಿಗಳನ್ನು ತರಿಸಿ ಪರೀಕ್ಷಿಸಿದಾಗ, ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು ಮತ್ತು ಬೋರಾನ್ ಕೊರತೆ ವ್ಯಾಪಕವಾಗಿ ಕಂಡುಬಂತು. ಮಳೆ ಕೈಕೊಟ್ಟಿತು ಎಂದು ಬರೆದುಕೊಂಡಿದ್ದ ಎಷ್ಟೋ ಹೊಲಗಳಲ್ಲಿ ಜಿಪ್ಸಮ್, ಸತುವಿನ ಸಲ್ಫೇಟ್, ಬೋರಾಕ್ಸ್‌ಗಳನ್ನು ಅಳತೆಯಲ್ಲಿ ಕೊಟ್ಟಾಗ ಅದೇ ಮಳೆಯಲ್ಲಿ ಹೆಚ್ಚು ರಾಗಿ, ಹೆಚ್ಚು ಶೇಂಗಾ ಬಂತು. ಕಣ್ಣಿಗೆ ಕಾಣುವ ಕೊರತೆ ಒಂದು, ಬೆಳೆಯನ್ನು ಹಿಡಿದು ನಿಲ್ಲಿಸಿರುವ ಕೊರತೆ ಇನ್ನೊಂದು ಆಗಿರಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಇನ್ನು ಕಲಿಕೆಯ ರೀತಿ. ಶೈಕ್ಷಣಿಕ ವರ್ಷವನ್ನು ಆರು ಅವಧಿಗಳಾಗಿ ವಿಂಗಡಿಸಿರುತ್ತಾರೆ, ಸಾಮಾನ್ಯವಾಗಿ ಒಂದು ಅವಧಿಯಲ್ಲಿ ಎರಡು ವಿಷಯ ಮಾತ್ರ. ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಒಟ್ಟು 120 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ 28 ಗಂಟೆಯ ದುಡಿಮೆ ಎಂಬುದು ಲೆಕ್ಕ. ಅದರಲ್ಲಿ 36 ಕ್ರೆಡಿಟ್ ಪ್ರಬಂಧಕ್ಕೇ ಮೀಸಲು, ಅಂದರೆ ಸುಮಾರು ಆರು ತಿಂಗಳು ಒಂದೇ ಪ್ರಶ್ನೆಯ ಬೆನ್ನು ಹತ್ತಿರಬೇಕು. ಹತ್ತು ಹನ್ನೆರಡು ವಿಷಯಗಳನ್ನು ಒಂದೇ ಸೆಮಿಸ್ಟರಿನಲ್ಲಿ ಓದಿ ಪರೀಕ್ಷೆ ಬರೆದು ಅಭ್ಯಾಸವಾಗಿರುವ ನಮ್ಮವರಿಗೆ ಮೊದಲಿಗೆ ಇದು ಸಡಿಲ ಎನಿಸುತ್ತದೆ, ಕೆಲವೇ ವಾರಗಳಲ್ಲಿ ಎಷ್ಟು ಬಿಗಿ ಎಂಬುದು ಅರಿವಾಗುತ್ತದೆ. ಪ್ರಾಧ್ಯಾಪಕರನ್ನು ಹೆಸರು ಹಿಡಿದು ಕರೆಯುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ಅವರು ಹೇಳಿದ್ದಕ್ಕೆ ಆಧಾರ ಕೇಳುವುದನ್ನು ಅಗೌರವವೆಂದು ಯಾರೂ ಎಣಿಸುವುದಿಲ್ಲ. ನಮ್ಮ ಮಕ್ಕಳು ಸೋಲುವುದು ಸಾಮಾನ್ಯವಾಗಿ ಇಲ್ಲಿಯೇ. ಅವರಿಗೆ ವಿಷಯ ಗೊತ್ತಿರುತ್ತದೆ, ಆದರೆ ಗುಂಪಿನಲ್ಲಿ ಭಿನ್ನಾಭಿಪ್ರಾಯವನ್ನು ಗಟ್ಟಿಯಾಗಿ ಹೇಳಿ ರೂಢಿಯಿರುವುದಿಲ್ಲ. ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳ ತಂಡ ಕಟ್ಟಿ, ಹೊರಗಿನ ಒಂದು ಸಂಸ್ಥೆಯ ನಿಜವಾದ ಸಮಸ್ಯೆಯನ್ನು ಕೊಟ್ಟು, ವರದಿ ತಯಾರಿಸಿ ಒಪ್ಪಿಸಿ ಎನ್ನುವ ಒಂದು ಪಠ್ಯಭಾಗವೇ ಅಲ್ಲಿದೆ. ಅದರಲ್ಲಿ ಸುಮ್ಮನಿದ್ದವರಿಗೆ ಜಾಗವಿಲ್ಲ.

ಪ್ರಯೋಗದ ಶಿಸ್ತು ಎಂಥದ್ದು ಎಂದು ತಿಳಿಯಲು ಬೇರು ತೊಳೆಯುವ ಕೆಲಸವನ್ನು ನೋಡಬೇಕು. ಕೊಳವೆಯಂಥ ಉಪಕರಣದಿಂದ ಹೊಲದ ಮಣ್ಣನ್ನು ಪದರ ಪದರವಾಗಿ ಸಿಲಿಂಡರಿನ ಆಕಾರದಲ್ಲಿ ತೆಗೆದು, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಮಾರನೆಯ ದಿನ ಸಣ್ಣ ಕಣ್ಣಿನ ಜರಡಿಯ ಮೇಲೆ ಸುರಿದು, ತೆಳುವಾದ ನೀರಿನ ಧಾರೆಯಲ್ಲಿ ಮಣ್ಣನ್ನು ಬಿಡಿಸುತ್ತಾ ಹೋಗಬೇಕು. ಜರಡಿಯಲ್ಲಿ ಉಳಿಯುವುದು ಬೇರಷ್ಟೇ ಅಲ್ಲ. ಹಳೆಯ ಕೂಳೆಯ ಚೂರು, ಕಳೆಯ ಬೇರು, ಕೊಳೆತ ಎಲೆಯ ನಾರು ಎಲ್ಲವೂ ಕೂಡಿಕೊಂಡಿರುತ್ತವೆ. ಜೀವಂತ ಬೇರು ಬೆಳ್ಳಗೆ, ಬಾಗಿಸಿದರೆ ಮುರಿಯದೆ ಬಳಕುತ್ತದೆ. ಸತ್ತದ್ದು ಕಂದು, ಚಿಮಟ ತಾಗಿದರೆ ಚೂರಾಗುತ್ತದೆ. ಒಂದೊಂದೇ ಎಳೆಯನ್ನು ಚಿಮಟದಿಂದ ಹೆಕ್ಕಿ ತಟ್ಟೆಗೆ ಹಾಕಬೇಕು. ದಿನವಿಡೀ ತಣ್ಣೀರಿನಲ್ಲಿ ಕೈಯಿಟ್ಟು ದುಡಿದರೂ ಕೆಲವೇ ಮಾದರಿಗಳು ಮುಗಿಯುತ್ತವೆ. ಆಮೇಲೆ ಅವನ್ನು ಒಣಗಿಸಿ ತೂಗಿದಾಗ ಸಿಗುವುದು ಗ್ರಾಮಿನ ಸಣ್ಣ ಭಿನ್ನರಾಶಿ. ಸಂಶೋಧನಾ ಲೇಖನದ ಕೋಷ್ಟಕದಲ್ಲಿ ಒಂದು ಅಂಕಿಯಾಗಿ ಕಾಣುವುದು ಇದೇ. ಅದನ್ನು ತನ್ನ ಕೈಯಾರೆ ಪಡೆದ ವಿದ್ಯಾರ್ಥಿ ಬೇರೆಯವರ ಅಂಕಿಗಳನ್ನೂ ಆಮೇಲೆ ಬೇರೆಯದೇ ಗೌರವದಿಂದ, ಬೇರೆಯದೇ ಎಚ್ಚರದಿಂದ ಓದುತ್ತಾನೆ.

ಕ್ಯಾಂಪಸ್ಸಿನಲ್ಲಿ ನೀವು ತಪ್ಪದೆ ನೋಡಬೇಕಾದದ್ದು ಮಣ್ಣಿನ ವಸ್ತುಸಂಗ್ರಹಾಲಯ. 1966ರಲ್ಲಿ ಸ್ಥಾಪನೆಯಾದ ಇಸ್ರಿಕ್ ಎಂಬ ಅಂತರರಾಷ್ಟ್ರೀಯ ಮಣ್ಣು ಮಾಹಿತಿ ಸಂಸ್ಥೆಯ ಸಂಗ್ರಹದಲ್ಲಿ ಜಗತ್ತಿನ ನಾನಾ ಭಾಗಗಳ ಸಾವಿರಕ್ಕೂ ಹೆಚ್ಚು ಮಣ್ಣಿನ ನಿಲುಕಡಿತಗಳಿವೆ. ನೆಲದಲ್ಲಿ ಗುಂಡಿ ತೋಡಿ, ಅದರ ಗೋಡೆಯ ಮಣ್ಣನ್ನು ಕದಲದಂತೆ ಪೆಟ್ಟಿಗೆಯಲ್ಲಿ ಎತ್ತಿ, ಅಂಟು ಹಾಕಿ ಗಟ್ಟಿಮಾಡಿದ ಆಳೆತ್ತರದ ಹಲಗೆಗಳಿವು. ನಮ್ಮ ಎರೆ ಮಣ್ಣಿನ ಜಾತಿಗೆ ಸೇರಿದ ಕಡಿತದ ಮುಂದೆ ನಿಂತರೆ, ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಆ ಮಣ್ಣು ಒಳಗೊಳಗೇ ಒಂದಕ್ಕೊಂದು ಉಜ್ಜಿ ಮಾಡಿಕೊಂಡ ನುಣುಪಾದ ಮುಖಗಳು ಕಾಣುತ್ತವೆ. ವಿಜಯಪುರ, ಕಲಬುರಗಿಗಳ ಮಣ್ಣನ್ನು ಮೇಲಿನಿಂದ ಮಾತ್ರ ನೋಡಿ ಬೆಳೆದವರಿಗೆ ಅದರ ಒಳಗಿನ ಚಲನೆ ಅಲ್ಲಿ ಅರ್ಥವಾಗುತ್ತದೆ.

ಆದರೆ ನಾನು ಈ ದಿನ ಅತ್ಯಂತ ಕಳಕಳಿಯಿಂದ ಹೇಳಬೇಕೆಂದಿರುವುದು ಆ ದೇಶದ ಯಶಸ್ಸಿನ ಬಗ್ಗೆ ಅಲ್ಲ, ಅದರ ಸಂಕಟದ ಬಗ್ಗೆ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944–45ರಲ್ಲಿ, ನೆದರ್‌ಲೆಂಡ್ಸ್‌ನ ಪಶ್ಚಿಮದ ನಗರಗಳಲ್ಲಿ ಜನ ಹಸಿವಿನಿಂದ ಸತ್ತರು. ಟ್ಯುಲಿಪ್ ಗೆಡ್ಡೆಗಳನ್ನು ಬೇಯಿಸಿ ತಿಂದರು. ಯುದ್ಧ ಮುಗಿದಾಗ ಕೃಷಿ ಸಚಿವರಾದವರು ಸಿಕ್ಕೊ ಮಾನ್ಸ್‌ಹೋಲ್ಟ್, ಸ್ವತಃ ಬೇಸಾಯಗಾರರು. ಇನ್ನೆಂದೂ ಹಸಿವು ಬಾರದಿರಲಿ ಎಂಬ ಸಂಕಲ್ಪದಿಂದ ಬೆಲೆ ಭದ್ರತೆ, ಜಮೀನುಗಳ ಒಟ್ಟುಗೂಡಿಕೆ, ಯಂತ್ರೀಕರಣ, ಸಂಶೋಧನೆ ಎಲ್ಲವನ್ನೂ ಅವರು ಒಂದೇ ದಿಕ್ಕಿಗೆ ತಿರುಗಿಸಿದರು, ಮುಂದೆ ಇಡೀ ಯುರೋಪಿನ ಕೃಷಿ ನೀತಿಯನ್ನು ರೂಪಿಸಿದರು. ಆ ಸಂಕಲ್ಪ ಫಲಿಸಿತು. ಇಂದು ಸುಮಾರು 1.8 ಕೋಟಿ ಜನಸಂಖ್ಯೆಯ ಆ ದೇಶದಲ್ಲಿ ಸುಮಾರು ಒಂದು ಕೋಟಿ ಹಂದಿಗಳು, ಮೂವತ್ತೈದು ಲಕ್ಷಕ್ಕೂ ಹೆಚ್ಚು ದನಗಳು ಇವೆ. ಅವುಗಳ ಮೇವಿನ ದೊಡ್ಡ ಪಾಲು ಹಡಗಿನಲ್ಲಿ ಬರುತ್ತದೆ. ಬ್ರೆಜಿಲ್ಲಿನ ಸೋಯಾ ಅವರೆ ಅದರಲ್ಲಿ ಮುಖ್ಯವಾದದ್ದು. ಹಾಲು, ಮಾಂಸ ಹೊರಗೆ ಹೋಗುತ್ತವೆ, ಸಗಣಿ ಗಂಜಲ ಅಲ್ಲಿಯೇ ಉಳಿಯುತ್ತವೆ.

ಆ ಸಗಣಿ ಗಂಜಲದಿಂದ ಏಳುವ, ಸಾರಜನಕವುಳ್ಳ ಅಮೋನಿಯಾ ಅನಿಲ ಗಾಳಿಯಲ್ಲಿ ಸಾಗಿ ಕಾಡಿನ ಮೇಲೆ ಇಳಿಯುತ್ತದೆ. ವಾಗೆನಿಂಗನ್ನಿನ ಉತ್ತರಕ್ಕಿರುವ ವೇಲುವೆ ಎಂಬ ಮರಳುನೆಲದ ಕಾಡಿನಲ್ಲಿ ಇದರ ಪರಿಣಾಮವನ್ನು ಸಂಶೋಧಕರು ಹಂತ ಹಂತವಾಗಿ ದಾಖಲಿಸಿದ್ದಾರೆ. ಮಣ್ಣು ಹುಳಿಯಾಗಿ ಅದರಲ್ಲಿದ್ದ ಸುಣ್ಣದಂಶ ತೊಳೆದುಹೋಗುತ್ತದೆ; ಸುಣ್ಣವಿಲ್ಲದೆ ಬಸವನಹುಳುಗಳು ಕಡಿಮೆಯಾಗುತ್ತವೆ; ಬಸವನಹುಳುವಿನ ಚಿಪ್ಪನ್ನು ನಂಬಿಕೊಂಡಿದ್ದ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಯ ಮೊಟ್ಟೆಯ ಕವಚ ತೆಳುವಾಗುತ್ತದೆ; ಗೂಡಿನಲ್ಲಿರುವ ಮರಿಗಳ ಕಾಲಿನ ಎಲುಬು ಮುರಿಯುತ್ತದೆ. 2019ರ ಮೇ 29ರಂದು ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಸರ್ಕಾರದ ಸಾರಜನಕ ನೀತಿಯನ್ನು ಅಸಿಂಧುಗೊಳಿಸಿತು. ಹೈನುಗಾರಿಕೆಯಷ್ಟೇ ಅಲ್ಲ, ರಸ್ತೆ, ಮನೆ ಕಟ್ಟುವ ಪರವಾನಗಿಗಳೂ ನಿಂತುಹೋದವು. ಅದೇ ವರ್ಷದ ಅಕ್ಟೋಬರಿನಲ್ಲಿ ರೈತರು ಸಾವಿರಾರು ಟ್ರ್ಯಾಕ್ಟರುಗಳೊಡನೆ ಹೇಗ್ ನಗರಕ್ಕೆ ಮುತ್ತಿಗೆ ಹಾಕಿದರು. ಸರ್ಕಾರ ಹೇಳಿದಂತೆ ಸಾಲ ಮಾಡಿ ಕೊಟ್ಟಿಗೆ ದೊಡ್ಡದು ಮಾಡಿದ ರೈತನಿಗೆ ಈಗ ಅದೇ ಸರ್ಕಾರ ದನ ಕಡಿಮೆ ಮಾಡು ಎಂದರೆ ಅವನ ಸಿಟ್ಟು ನ್ಯಾಯವಾದದ್ದೇ. ಕಾಡು ಹಾಳಾಗುತ್ತಿರುವುದೂ ನಿಜವೇ. ಮಾನ್ಸ್‌ಹೋಲ್ಟ್ ಅವರೇ 1970ರ ದಶಕದ ಆರಂಭದಲ್ಲಿ, ಎಲ್ಲೆಯಿಲ್ಲದ ಬೆಳವಣಿಗೆಯ ಬಗ್ಗೆ ತಮ್ಮ ನಿಲುವನ್ನು ಬಹಿರಂಗವಾಗಿ ಬದಲಿಸಿಕೊಂಡಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು.

ಗಾಜಿನ ಮನೆಗಳದ್ದೂ ಇಂಥದೇ ಕಥೆ. ವೆಸ್ಟ್‌ಲಾಂಡ್ ಭಾಗದಲ್ಲಿ ಮಣ್ಣಿಲ್ಲದೆ, ಕಲ್ಲನ್ನು ಕರಗಿಸಿ ಎಳೆಯಾಗಿ ಎಳೆದು ಮಾಡಿದ ರಾಕ್‌ವೂಲ್ ಇಟ್ಟಿಗೆಗಳ ಮೇಲೆ ಬೆಳೆಯುವ ಟೊಮ್ಯಾಟೊ ಚದರ ಮೀಟರಿಗೆ ವರ್ಷಕ್ಕೆ 50 ಕಿಲೋಗೂ ಹೆಚ್ಚು ಇಳುವರಿ ಕೊಡುತ್ತದೆ, ಕೋಲಾರದ ತೋಟದಲ್ಲಿ ಬೇಕಾಗುವುದಕ್ಕಿಂತ ಬಹಳ ಕಡಿಮೆ ನೀರಿನಲ್ಲಿ. ಆದರೆ ಅದನ್ನು ಬೆಚ್ಚಗಿಡುವುದು ನೈಸರ್ಗಿಕ ಅನಿಲ. 2022ರಲ್ಲಿ ಅನಿಲದ ಬೆಲೆ ಏರಿದಾಗ ಎಷ್ಟೋ ಬೆಳೆಗಾರರು ಚಳಿಗಾಲದ ಬೆಳೆಯನ್ನೇ ಕೈಬಿಟ್ಟರು. ಚಳಿಯಿರದ ನಾಡಿಗೆ ಆ ಗಾಜಿನ ಮನೆಯನ್ನು ಹಾಗೆಯೇ ತರುವುದರಲ್ಲಿ ಅರ್ಥವಿಲ್ಲ. ಬೇರಿನ ಬಳಿ ನೀರು, ಪೋಷಕಾಂಶಗಳನ್ನು ಅಳೆದು ಕೊಡುವ ಅವರ ಜಾಣ್ಮೆಯನ್ನು ತರುವುದರಲ್ಲಿ ಇದೆ.

ಹೊರಗಿನ ವಿದ್ಯೆ ನಮ್ಮ ನೆಲದಲ್ಲಿ ಫಲ ಕೊಟ್ಟ ಹಳೆಯ ಉದಾಹರಣೆಯೊಂದು ನಮ್ಮಲ್ಲಿಯೇ ಇದೆ. ಕೆನಡಾದಲ್ಲಿ ಹುಟ್ಟಿ, ಜರ್ಮನಿಯ ಗಟಿಂಗನ್‌ನಲ್ಲಿ ಡಾಕ್ಟರೇಟ್ ಪಡೆದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಮಲೆನಾಡಿನಲ್ಲಿ ಅಡಿಕೆಗೆ ಕೊಳೆರೋಗ ಬಡಿದು ಗೊನೆಗೊನೆಯೇ ಉದುರುತ್ತಿದ್ದ ಕಾಲ. ಅವರು ತೋಟಗಳಲ್ಲಿ ನಿಂತು ರೋಗಾಣುವನ್ನು ಗುರುತಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಯಲ್ಲಿದ್ದ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಲೆನಾಡಿನ ಜಡಿಮಳೆಗೆ, ಎತ್ತರದ ಅಡಿಕೆ ಮರಕ್ಕೆ ಹೊಂದಿಸಿದರು. ಮುಂಗಾರು ಶುರುವಾಗುವ ಹೊತ್ತಿಗೆ ನಮ್ಮ ತೋಟಗಳಲ್ಲಿ ಇಂದಿಗೂ ಹೊಡೆಯುವ ಔಷಧಿ ಅದೇ. ಅವರು ದ್ರಾವಣವನ್ನು ಕೈಯಲ್ಲಿ ಹಿಡಿದುಕೊಂಡು ರೋಗ ಹುಡುಕುತ್ತಾ ಬರಲಿಲ್ಲ. ರೋಗವನ್ನು ತಿಳಿದ ಮೇಲೆ ದ್ರಾವಣಕ್ಕೆ ಕೈಹಾಕಿದರು.

ಇನ್ನು ಖರ್ಚಿನ ಮಾತು. ಯುರೋಪಿನ ಹೊರಗಿನವರಿಗೆ ಸ್ನಾತಕೋತ್ತರ ಶುಲ್ಕ ವರ್ಷಕ್ಕೆ ಇಪ್ಪತ್ತು ಸಾವಿರ ಯೂರೋ ಆಸುಪಾಸಿನಲ್ಲಿದೆ. ಊಟ ವಸತಿ ಬೇರೆ. ಬಾಡಿಗೆ ಕೊಠಡಿ ಸಿಗುವುದು ಬಹಳ ಕಷ್ಟ, ಆದ್ದರಿಂದ ಪ್ರವೇಶ ಖಚಿತವಾದ ದಿನವೇ ವಸತಿಯ ಅರ್ಜಿ ಹಾಕಿ. ಜಮೀನು ಅಡವಿಟ್ಟು ಹೋಗಬೇಡಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ ಪ್ರಬುದ್ಧ ಎಂಬ ವಿದೇಶಿ ವ್ಯಾಸಂಗದ ವಿದ್ಯಾರ್ಥಿವೇತನ ಯೋಜನೆಯಿದೆ, ಪಿಎಚ್.ಡಿ. ಮಾಡುವವರಿಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ನೇತಾಜಿ ಸುಭಾಷ್ ಹೆಸರಿನಲ್ಲಿ ಅಂತರರಾಷ್ಟ್ರೀಯ ಫೆಲೋಶಿಪ್ ಕೊಡುತ್ತಾ ಬಂದಿದೆ. ಹಣವಿಲ್ಲದ ಆದರೆ ಆಸಕ್ತಿಯಿರುವ ವಿದ್ಯಾರ್ಥಿಗೆ ನಾನು ಹೆಚ್ಚು ಒಲವಿನಿಂದ ಸೂಚಿಸುವುದು ಪಿಎಚ್.ಡಿ. ದಾರಿಯನ್ನೇ. ನೆದರ್‌ಲೆಂಡ್ಸ್‌ನಲ್ಲಿ ಪಿಎಚ್.ಡಿ. ಸಂಶೋಧಕರು ಬಹುಮಟ್ಟಿಗೆ ಸಂಬಳ ಪಡೆಯುವ ನೌಕರರು. ಅದಲ್ಲದೆ ಸ್ಯಾಂಡ್‌ವಿಚ್ ಪಿಎಚ್.ಡಿ. ಎಂಬ ವ್ಯವಸ್ಥೆಯಿದೆ: ಆರಂಭದಲ್ಲಿ ವಾಗೆನಿಂಗನ್ನಿನಲ್ಲಿ ಪ್ರಸ್ತಾವನೆ ಸಿದ್ಧಪಡಿಸಿ, ನಡುವಿನ ವರ್ಷಗಳಲ್ಲಿ ತಮ್ಮ ದೇಶದ ಹೊಲಗಳಲ್ಲಿಯೇ ಪ್ರಯೋಗ ನಡೆಸಿ, ಬರೆಯಲು ಮತ್ತೆ ಅಲ್ಲಿಗೆ ಹೋಗುವುದು. ಪ್ರಬಂಧದ ಜೊತೆಗೆ ಪ್ರತಿಪಾದನೆಗಳ ಒಂದು ಹಾಳೆಯನ್ನೂ ಸಲ್ಲಿಸಬೇಕು. ಅವುಗಳಲ್ಲಿ ಕೆಲವು ಪ್ರಬಂಧದ ಹೊರಗಿನ ವಿಷಯಗಳ ಮೇಲಿರಬೇಕು, ತುಂಬಿದ ಸಭೆಯಲ್ಲಿ ಅವನ್ನೂ ಸಮರ್ಥಿಸಿಕೊಳ್ಳಬೇಕು.

ಅರ್ಜಿಯ ಜೊತೆಗೆ ಯಾಕೆ ಬರಬೇಕೆಂದಿದ್ದೀರಿ ಎಂಬ ಪತ್ರವೊಂದನ್ನು ಕೇಳುತ್ತಾರೆ. ನಮ್ಮ ವಿದ್ಯಾರ್ಥಿಗಳು ಅದರಲ್ಲಿ ಬಾಲ್ಯದಿಂದಲೂ ಕೃಷಿಯಲ್ಲಿ ಆಸಕ್ತಿ, ದೇಶದ ರೈತರ ಸೇವೆ ಎಂದು ಬರೆದು ಪುಟ ತುಂಬಿಸುತ್ತಾರೆ. ಅದರ ಬದಲು, ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ನೀವು ಹಳ್ಳಿಯಲ್ಲಿ ಉಳಿಯುವ ಈ ಮುಂಗಾರಿನಲ್ಲಿ, ಒಬ್ಬ ರೈತರ ಒಂದೇ ಹೊಲವನ್ನು ಆರಿಸಿಕೊಳ್ಳಿ. ಬಿತ್ತನೆಯ ದಿನಾಂಕ, ಪ್ರತಿ ಮಳೆಯ ಅಳತೆ, ಕೊಟ್ಟ ಗೊಬ್ಬರ, ತೆನೆ ಕಟ್ಟಿದ ದಿನ, ಕಳೆ ತೆಗೆಸಿದ ಕೂಲಿ, ಕಣದಲ್ಲಿ ತೂಗಿದ ರಾಶಿ ಎಲ್ಲವನ್ನೂ ಬರೆದಿಡಿ. ಮಣ್ಣಿನ ಮಾದರಿಯನ್ನು ಪರೀಕ್ಷೆಗೆ ಕೊಡಿ. ಪಕ್ಕದ ಹೊಲಕ್ಕಿಂತ ಅಲ್ಲಿ ಯಾಕೆ ಕಡಿಮೆ ಬಂತು ಎಂದು ಆ ರೈತರನ್ನೇ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಗುರುತು ಹಾಕಿಕೊಳ್ಳಿ, ಆಮೇಲೆ ನಿಮ್ಮ ಲೆಕ್ಕ ಮಾಡಿ. ಅವರ ಉತ್ತರವೂ ನಿಮ್ಮ ಲೆಕ್ಕವೂ ಎಲ್ಲಿ ಕೂಡುತ್ತವೆ, ಎಲ್ಲಿ ಕೂಡುವುದಿಲ್ಲ ಎಂಬುದನ್ನು ಪತ್ರದಲ್ಲಿ ಬರೆಯಿರಿ. ಅಲ್ಲಿ ತರಗತಿಗಳು ಶುರುವಾಗುವುದು ಸೆಪ್ಟೆಂಬರಿನಲ್ಲಿ. ಈ ವರ್ಷದ ಬೆಳೆ ಕಟಾವಾಗಿ, ಮಣ್ಣಿನ ಪರೀಕ್ಷೆಯ ವರದಿಯೂ ಕೈಸೇರಿ, ಮುಂದಿನ ಸಾಲಿನ ಅರ್ಜಿ ಬರೆಯುವುದಕ್ಕೆ ನಿಮಗೆ ಸಾಕಷ್ಟು ಸಮಯವಿದೆ.